ಕಾಗದದ ಕೌದಿ

ನಮ್ಮ ಅವ್ವನ ಹತ್ತಿರ ಒಂದು ಹಾಡಿನ ಪುಸ್ತಕವಿತ್ತು. ಮೂಲದಲ್ಲಿ ಅದು ಕಿರ್ದಿ ಪುಸ್ತಕ. ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಬರೆಯದೆ ಉಳಿದಿದ್ದ ಒಂದನ್ನು ಮನೆಗೆ ತಂದಿದ್ದರು. ಅವ್ವ ಅದರಲ್ಲಿ ಬೀಸುವ ಹಾಡು, ಸೋಬಾನೆ ಹಾಡು, ಆರತಿ ಹಾಡುಗಳನ್ನು ಬರೆದಳು. ಬರೆದು ಸುಮ್ಮನಾಗಲಿಲ್ಲ. ಪುಟಪುಟದ ಅಂಚಿಗೂ ರಂಗೋಲಿಯ ಎಳೆ ಎಳೆದಳು. ಹಳೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ಕತ್ತರಿಸಿ ಮೈದಾ ಅಂಟಿನಿಂದ ಹಚ್ಚಿ, ಅವಳ ಸೆರಗಿಗೆ ಹರಿದ ರೇಷ್ಮೆ ಸೀರೆಯ ಜರಿ ಅಂಟಿಸಿದಳು.

“ಹಾಡು ಬರಕೊಳ್ಳಾಕ ಇಷ್ಟೆಲ್ಲ ಯಾಕ?” ಎಂದು ಅಪ್ಪ ನಗುತ್ತಿದ್ದರು.

“ಛಂದ ಇದ್ರ ಯಾರೂ ಒಗಿಯೂದಿಲ್ರಿ” ಎನ್ನುತ್ತಿದ್ದಳು ಅವ್ವ.

ಇದು ಅವಳೊಬ್ಬಳ ಹುಚ್ಚಲ್ಲ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮರ ಅಚ್ಚುಕೂಟದಿಂದ ದೇವರ ಪಟಗಳು ಮನೆಮನೆಗೆ ಬಂದಾಗ, ಆ ಪಟಗಳಿಗೂ ಜರಿ, ಮಣಿ, ಚಮಕಿ ಹಚ್ಚಿ ಸೀರೆ ಉಡಿಸುವ ರೂಢಿ ಬೆಳೆಯಿತು. ಅಚ್ಚಾದ ಸಾವಿರ ಪಟಗಳಲ್ಲಿ ಒಂದನ್ನು ತನ್ನದು ಮಾಡಿಕೊಳ್ಳುವ ಬಗೆ ಅದು.

ಆ ಕಿರ್ದಿ ಪುಸ್ತಕದ ಮೂರೂ ಅಂಚಿಗೆ ಕೆಂಪು, ನೀಲಿ ಅಲೆಗಳ ಚಿತ್ತಾರವಿತ್ತು. ಯುರೋಪಿನ ಲೆಕ್ಕದ ಪುಸ್ತಕಗಳಿಗೂ ಹೀಗೆ ಬಣ್ಣ ಹಾಕುತ್ತಿದ್ದರಂತೆ. ನಡುವಿನ ಹಾಳೆ ಹರಿದರೆ ಚಿತ್ತಾರ ಕೂಡುವುದಿಲ್ಲ, ಕಳ್ಳತನ ಗೊತ್ತಾಗುತ್ತದೆ. ಆ ವಿದ್ಯೆಯನ್ನು ಯುರೋಪಿನವರು ಕಲಿತದ್ದು ತುರ್ಕರಿಂದ. ಅಲ್ಲಿ ಅದಕ್ಕೆ ಎಬ್ರು ಎಂದು ಹೆಸರು; 2014ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಫಾರಸಿಯಲ್ಲಿ ಅದು ಅಬ್ರಿ, ಅಂದರೆ ಮೋಡದಂಥದ್ದು.

ಕೆಲಸ ನೋಡಲು ಸರಳ. ತಟ್ಟೆಯಲ್ಲಿ ಲೋಳೆ ನೀರು ತುಂಬಿ, ಅದರ ಮೇಲೆ ಬಣ್ಣದ ಹನಿ ಬಿಡಬೇಕು. ಪಿತ್ತರಸ ಬೆರೆತ ಬಣ್ಣ ಮುಳುಗದೆ ಹರಡುತ್ತದೆ. ಕಡ್ಡಿಯಿಂದ, ಬಾಚಣಿಗೆಯಿಂದ ಎಳೆದು, ಪಟಕದ ನೀರು ಸವರಿ ಒಣಗಿಸಿದ ಕಾಗದವನ್ನು ಮೆಲ್ಲಗೆ ಹಾಸಿ ಎತ್ತಿದರೆ ಚಿತ್ತಾರ ಹತ್ತಿಕೊಳ್ಳುತ್ತದೆ. ಒಮ್ಮೆ ಬಂದದ್ದು ಇನ್ನೊಮ್ಮೆ ಬರುವುದಿಲ್ಲ. ಲೋಳೆಗೆ ನಮ್ಮ ಕಡೆ ಬಳಸಿದ್ದು ಏನೆಂದು ತಿಳಿದಾಗ ನನಗೆ ನಗು ಬಂತು. ಅದು ಅಡುಗೆಮನೆಯ ಮೆಂತ್ಯ!

ನಮ್ಮ ಕಡೆ ಎಂದದ್ದು ಸುಮ್ಮನೆ ಅಲ್ಲ. 17ನೇ ಶತಮಾನದಲ್ಲಿ ಈ ಕಲೆ ಎತ್ತರಕ್ಕೇರಿದ ಊರುಗಳಲ್ಲಿ ನಮ್ಮ ಬಿಜಾಪುರವೂ ಒಂದು. ಬೇರೆ ಕಡೆ ಅದು ಹೆಚ್ಚಾಗಿ ಅಂಚಿಗೆ, ರಟ್ಟಿಗೆ ಬರುವ ಅಲಂಕಾರವಾಗಿತ್ತು. ದಖ್ಖನಿನ ಕಲಾವಿದರು ಕಾಗದದ ಕೆಲವು ಭಾಗ ಮರೆಮಾಡಿ, ಮತ್ತೆ ಮತ್ತೆ ಬಣ್ಣ ಹಿಡಿಸಿ, ಮನುಷ್ಯರನ್ನೂ ಪ್ರಾಣಿಗಳನ್ನೂ ಮೂಡಿಸಿದರು. ಬಡಕಲು ಕುದುರೆಯೇರಿದವನ ಅಂಥ ಒಂದು ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಇಂಥ ಚಿತ್ರ, ಸುಂದರ ಬರಹಗಳನ್ನು ಆಯ್ದು, ಸುತ್ತ ಅಂಚು ಕಟ್ಟಿ, ಒಂದೇ ರಟ್ಟಿನೊಳಗೆ ಹೊಲಿದು ಇಡುತ್ತಿದ್ದರು. ಆ ಪುಸ್ತಕಕ್ಕೆ ಮುರಕ್ಕಾ ಎಂದು ಹೆಸರು. ಆ ಪದದ ಅರ್ಥ ತೇಪೆ ಹಚ್ಚಿದ್ದು. ಅಂದರೆ ಕೌದಿ! ಹಳೆಯ ಸೀರೆಯ ತುಂಡು ಕೂಡಿಸಿ ನಮ್ಮ ಅಜ್ಜಿಯರು ಹೊಲಿದದ್ದನ್ನೇ ಸುಲ್ತಾನರು, ಬಾದಶಹರು ಕಾಗದದಲ್ಲಿ ಮಾಡಿಸಿದರು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಅರಮನೆಗಳು ಬಿದ್ದವು. ಕಾಗದ ಕಲ್ಲಿಗಿಂತ ದುರ್ಬಲ. ಆದರೂ ಕೆಲವು ಹಾಳೆಗಳು ಉಳಿದವು, ಏಕೆಂದರೆ ಕೈಗೆ ಸಿಕ್ಕವರಿಗೆ ಅವನ್ನು ಒಗೆಯಲು ಮನಸ್ಸು ಬರಲಿಲ್ಲ. ಅವ್ವ ಹೇಳುತ್ತಿದ್ದದ್ದೂ ಅದನ್ನೇ.

ನಾನು ಮಾತ್ರ ಒಗೆದೆ. ಮನೆ ಬದಲಿಸುವ ಗಡಿಬಿಡಿಯಲ್ಲಿ, ಎಣ್ಣೆಜಿಡ್ಡು ಹತ್ತಿ ರಟ್ಟು ಬಿಟ್ಟಿದ್ದ ಆ ಪುಸ್ತಕವನ್ನು ಹಳೆಯ ಪತ್ರಿಕೆಗಳ ಜೊತೆ ರದ್ದಿಯವನ ತಕ್ಕಡಿಗೆ ಹಾಕಿದೆ. ಅವ್ವ ಬೈಯಲಿಲ್ಲ. “ಹೋಗಲಿ ಬಿಡವ್ವಾ” ಅಂದಳು. ಆಮೇಲೆ ಒಂದು ಹಾಡನ್ನೂ ಬರೆಯಲಿಲ್ಲ.

ಕಳೆದ ಶ್ರಾವಣದಲ್ಲಿ ಮೊಮ್ಮಗಳು ಒಂದು ಖಾಲಿ ನೋಟುಬುಕ್ಕು ತಂದು, “ಅಜ್ಜಿ, ಇದಕ್ಕ ಛಂದನ ಹೊದಿಕೆ ಮಾಡಿಕೊಡು” ಎಂದಳು. ರಾತ್ರಿ ಮೆಂತ್ಯ ನೆನೆಹಾಕಿದೆ. ಮೊದಲ ನಾಲ್ಕು ಹಾಳೆ ಕೆಟ್ಟವು, ಬಣ್ಣ ತಳ ಕಂಡಿತು. ಐದನೆಯದಕ್ಕೆ ಸಣ್ಣದೊಂದು ಮೋಡ ಮೂಡಿತು. ಅದನ್ನೇ ರಟ್ಟಿಗೆ ಹಚ್ಚಿ, ಮೊದಲ ಪುಟದಲ್ಲಿ ಅವ್ವನ ಬೀಸುವ ಹಾಡು ಬರೆಯಲು ಕುಳಿತೆ. ನೆನಪಾದದ್ದು ಎರಡೇ ನುಡಿ. ಅಷ್ಟನ್ನೇ ಬರೆದು, ಸುತ್ತ ರಂಗೋಲಿಯ ಎಳೆ ಎಳೆದೆ.