ಗಾಯದ ಪುಡಿಯಲ್ಲಿ ಒಬ್ಬ ಹುಡುಗಿಯ ಹೆಸರು

ಗಾಯಕ್ಕೆ ಹಾಕುವ ಪುಡಿ, ಮುಲಾಮುಗಳನ್ನು ನಾವು ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವುದುಂಟು. ಅವುಗಳ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಎರಡು ಹೆಸರುಗಳು ಆಗಾಗ ಕಾಣುತ್ತವೆ: ಬ್ಯಾಸಿಟ್ರಾಸಿನ್, ನಿಯೋಮೈಸಿನ್.

1943ರಲ್ಲಿ ನ್ಯೂಯಾರ್ಕಿನ ಮಾರ್ಗರೆಟ್ ಟ್ರೇಸಿ ಎಂಬ ಪುಟ್ಟ ಹುಡುಗಿಯ ಕಾಲಿನ ಮೂಳೆ ಮುರಿದು ಗಾಯವಾಗಿತ್ತು. ಆ ಗಾಯದಲ್ಲಿ ಸಿಕ್ಕ ಬ್ಯಾಸಿಲಸ್ ಎಂಬ ಜಾತಿಯ ಸೂಕ್ಷ್ಮಜೀವಿ ಬೇರೆ ರೋಗಾಣುಗಳನ್ನು ತಡೆಯುತ್ತಿತ್ತು. ಇದನ್ನು ಗುರುತಿಸಿದವರು ಬಾಲ್ಬಿನಾ ಜಾನ್ಸನ್. ಬ್ಯಾಸಿಲಸ್ ಮತ್ತು ಟ್ರೇಸಿ ಸೇರಿ ಬ್ಯಾಸಿಟ್ರಾಸಿನ್ ಆಯಿತು. 1949ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಮತ್ತು ಹ್ಯೂಬರ್ಟ್ ಲೆಷೆವಲಿಯೆ ಮಣ್ಣಿನ ಸೂಕ್ಷ್ಮಜೀವಿಯಿಂದ ನಿಯೋಮೈಸಿನ್ ಪಡೆದರು. ಮುಂದೆ ಅಮೆರಿಕದಲ್ಲಿ ಇವೆರಡೂ ಚೀಟಿಯಿಲ್ಲದೆ ಸಿಗುವ ಮುಲಾಮುಗಳಾಗಿ ಮನೆಮನೆ ಸೇರಿದವು.

ಬಳಕೆ ಹೆಚ್ಚಿದಂತೆ ಇನ್ನೊಂದು ಮುಖ ಕಂಡಿತು. ಕೆಲವರ ಚರ್ಮಕ್ಕೆ ಈ ಔಷಧಿಯೇ ಆಗುವುದಿಲ್ಲ. ಹಚ್ಚಿದ ಕೂಡಲೇ ಏನೂ ಆಗದಿರಬಹುದು. ಒಂದೆರಡು ದಿನ ಕಳೆದ ಮೇಲೆ ಸುತ್ತಲೂ ಕೆಂಪು, ನವೆ, ನೀರುಗುಳ್ಳೆ. ನೋಡಿದವರು ಗಾಯ ಕೆಟ್ಟಿತು ಅಂದುಕೊಂಡು ಅದೇ ಔಷಧಿಯನ್ನು ಇನ್ನಷ್ಟು ಹಚ್ಚುತ್ತಾರೆ. ಅಲರ್ಜಿ ಇನ್ನಷ್ಟು ಹೆಚ್ಚುತ್ತದೆ.

ಇದನ್ನು ಪತ್ತೆ ಮಾಡುವ ದಾರಿ ಮೊದಲೇ ಇತ್ತು. ಪಾದರಸದ ಔಷಧಿಯಿಂದ ಚರ್ಮ ಕೆರಳಿದವರನ್ನು ಪರೀಕ್ಷಿಸಿದ್ದ ಜರ್ಮನ್ ವೈದ್ಯ ಯೋಸೆಫ್ ಯಾಡಾಸೋನ್ 1895ರಲ್ಲಿ ಪ್ಯಾಚ್ ಟೆಸ್ಟ್ ವಿಧಾನವನ್ನು ವಿವರಿಸಿದ್ದರು. ಈಗ ಅನುಮಾನದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, ಸಾಮಾನ್ಯವಾಗಿ 48 ಗಂಟೆ ಬಿಟ್ಟು ನೋಡುತ್ತಾರೆ. ಅಮೆರಿಕದ ಸ್ಪರ್ಶ ಅಲರ್ಜಿ ತಜ್ಞರ ಸಂಘ 2003ರಲ್ಲಿ ಬ್ಯಾಸಿಟ್ರಾಸಿನ್ ಅನ್ನು, 2010ರಲ್ಲಿ ನಿಯೋಮೈಸಿನ್ ಅನ್ನು 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತು.

1996ರಲ್ಲಿ ಪ್ರಕಟವಾದ ಒಂದು ಅಧ್ಯಯನ 922 ಜನರ ಶಸ್ತ್ರಚಿಕಿತ್ಸೆಯ ಶುಭ್ರ ಗಾಯಗಳಿಗೆ ಬ್ಯಾಸಿಟ್ರಾಸಿನ್ ಮತ್ತು ಬರೀ ಪೆಟ್ರೋಲಿಯಂ ಜೆಲ್ಲಿಯನ್ನು ಹಚ್ಚಿ ಹೋಲಿಸಿತು. ಸೋಂಕಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಲರ್ಜಿ ಆದ ನಾಲ್ವರೂ ಬ್ಯಾಸಿಟ್ರಾಸಿನ್ ಹಚ್ಚಿಸಿಕೊಂಡವರು.

ಹಾಗಂತ ಔಷಧಿಯೇ ಬೇಡ ಎಂದಲ್ಲ. ಸಣ್ಣ ತರಚು ಗಾಯಕ್ಕೆ ಮೊದಲು ಸೋಪು, ಶುದ್ಧ ನೀರು. ಮಣ್ಣು ಸೇರಿದ ಅಥವಾ ಆಳದ ಗಾಯವಾದರೆ ಆಸ್ಪತ್ರೆ, ಟಿಟಿ ಇಂಜೆಕ್ಷನ್. ಹಚ್ಚಿದ ಮೇಲೆ ನವೆ ಹೆಚ್ಚಿದರೆ ಹಚ್ಚುವುದನ್ನು ನಿಲ್ಲಿಸಿ, ಡಬ್ಬಿಯ ಸಮೇತ ವೈದ್ಯರಲ್ಲಿಗೆ ಹೋಗೋಣ. ಯಾವುದು ಆಗಲಿಲ್ಲ ಎಂದು ಅವರಿಗೆ ಹೇಳುವುದು ಆ ಸಣ್ಣ ಅಕ್ಷರಗಳೇ.