ಎಣ್ಣೆಗೆ ಅಂತ ಕೊರೆದರು, ಬಿಸಿನೀರು ಬಂತು: ಹಂಗೇರಿ ಟಿಕೆಟ್‌ಗೂ ಮುಂಚೆ ಒಂದು ಕೋಲಾರದ ಲೆಕ್ಕ

ಈ ಸಂಚಿಕೆ ಒಂದು ಬೋರ್‌ವೆಲ್ ಕಥೆ. ಆದರೆ ಅದು ನಮ್ಮ ಬೈರಕೂರಿನ ಬೋರ್ ಅಲ್ಲ, ಹಂಗೇರಿ ದೇಶದ್ದು.

1925ರ ಅಕ್ಟೋಬರ್ 26. ಹಂಗೇರಿಯ ಪೂರ್ವದ ಬಯಲಲ್ಲಿ ಹೈದೂಸೊಬೊಸ್ಲೊ ಅಂತ ಒಂದು ಊರು. ಹೆಸರು ಕೇಳಿ ಗಾಬರಿಯಾಗ್ಬೇಡಿ, ಎರಡು ಸಲ ಹೇಳಿದ್ರೆ ನಾಲಿಗೆ ತಿರುಗುತ್ತೆ. ಅಲ್ಲಿ ಪಾವಾಯಿ ವಾಯ್ನಾ ಫೆರೆಂಟ್ಸ್ ಅನ್ನೋ ಭೂವಿಜ್ಞಾನಿ ಎಣ್ಣೆ, ಗ್ಯಾಸ್ ಸಿಗುತ್ತೆ ಅಂತ ನೆಲ ಕೊರೆಸ್ತಿದ್ದರು. ಯಾಕೆ ಅಷ್ಟು ಹಟ? ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿ 1920ರ ಟ್ರಿಯಾನಾನ್ ಒಪ್ಪಂದದಲ್ಲಿ ತನ್ನ ಮೂರನೇ ಎರಡು ಭಾಗ ನೆಲ ಕಳ್ಕೊಂಡಿತ್ತು. ಟ್ರಾನ್ಸಿಲ್ವೇನಿಯಾದ ಗ್ಯಾಸ್ ನಿಕ್ಷೇಪಗಳೂ ಅದರ ಜೊತೆ ಹೋದವು. ಉಳಿದ ನೆಲದಲ್ಲೇ ಏನಾದರೂ ಹುಡುಕಬೇಕಿತ್ತು.

1,091 ಮೀಟರ್‌ಗೆ ಹೋದಾಗ ಎಣ್ಣೆ ಬರಲಿಲ್ಲ. 73 ಡಿಗ್ರಿ ಸೆಲ್ಸಿಯಸ್ ಬಿಸಿನೀರು ತಾನಾಗೇ ಉಕ್ಕಿ ಬಂತು. ಉಪ್ಪುಪ್ಪು, ಕಂದು ಬಣ್ಣ, ಅಯೋಡಿನ್, ಬ್ರೋಮಿನ್ ಬೆರೆತ ನೀರು. ಜೊತೆಗೆ ಸ್ವಲ್ಪ ಮೀಥೇನ್ ಗ್ಯಾಸ್. ಎರಡೇ ವರ್ಷಕ್ಕೆ, 1927ರಲ್ಲಿ, ಊರಲ್ಲಿ ಸ್ನಾನದ ಕೊಳ ಶುರುವಾಯ್ತು. ಇವತ್ತು ಇಪ್ಪತ್ತು ಸಾವಿರ ಚಿಲ್ಲರೆ ಜನಸಂಖ್ಯೆಯ ಆ ಊರು ಯುರೋಪಿನ ದೊಡ್ಡ ಬಿಸಿನೀರಿನ ಊರುಗಳಲ್ಲಿ ಒಂದು. ಮಂಡಿ ನೋವು, ಸೊಂಟ ನೋವು ಅಂತ ಜನ ಡಾಕ್ಟರ ಚೀಟಿ ಹಿಡ್ಕೊಂಡು ಬರ್ತಾರೆ. ಕೆಲವು ಚಿಕಿತ್ಸೆಗೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯೇ ಒಂದು ಪಾಲು ದುಡ್ಡು ಕೊಡುತ್ತೆ. ಬಿಕಾಂ ಓದಿದ ನನಗೆ ಮೊದಲು ಕಣ್ಣಿಗೆ ಬಿದ್ದಿದ್ದೇ ಅದು. ನೀರನ್ನ ಔಷಧಿ ಅಂತ ಲೆಕ್ಕಕ್ಕೆ ತಗೊಂಡಿದ್ದಾರೆ.

ಈಗ ನಮ್ಮ ಕಡೆಗೆ ಬನ್ನಿ. 1,091 ಮೀಟರ್ ಅಂದ್ರೆ ಸುಮಾರು 3,580 ಅಡಿ. ಕೋಲಾರ ಜಿಲ್ಲೇಲಿ ಬೋರ್ 1,500 ಅಡಿ ದಾಟೋದು ಹೊಸದೇನಲ್ಲ. ಅಂದ್ರೆ ಅವರು ಹೋದ ಆಳದ ಅರ್ಧದ ಹತ್ತಿರಕ್ಕೆ ನಮ್ಮ ರೈತರು ಸಾಲ ಮಾಡ್ಕೊಂಡೇ ಹೋಗಿದ್ದಾರೆ. ನಮ್ಮ ಮನೆಯಲ್ಲೂ ಹಾಕ್ಸಿದ್ದೀವಿ. ತೆಂಗಿನಕಾಯಿ ಹಿಡ್ಕೊಂಡು ಪಾಯಿಂಟ್ ನೋಡೋರು ಬಂದರು, ರಾತ್ರಿಯೆಲ್ಲಾ ಲಾರಿ ಕೂಗಿತು, ಬೆಳಿಗ್ಗೆ ಹೊಲದ ತುಂಬಾ ಬೂದಿ ಬಣ್ಣದ ದೂಳು. ನಮ್ಮಪ್ಪ ಆ ದೂಳನ್ನ ಬೆರಳಲ್ಲಿ ಉಜ್ಜಿ ನೋಡ್ತಿದ್ದಿದ್ದು ನೆನಪಿದೆ, ಹಸಿ ಇದೆಯಾ ಅಂತ.

ಅಲ್ಲಿ ನೀರು, ಇಲ್ಲಿ ದೂಳು. ಯಾಕೆ? ಹಂಗೇರಿಯ ಬಯಲು ಲಕ್ಷಾಂತರ ವರ್ಷಗಳ ಹಿಂದೆ ಒಂದು ದೊಡ್ಡ ಸರೋವರ. ಅದರ ತಳಕ್ಕೆ ಮರಳು, ಜೇಡಿ ಪದರ ಪದರವಾಗಿ ಕೂತು, ಆ ಮರಳಲ್ಲಿ ನೀರು ಸಿಕ್ಕಿಹಾಕ್ಕೊಂಡಿದೆ. ಅಲ್ಲಿ ಭೂಮಿಯ ಮೇಲ್ಪದರವೂ ತೆಳು. ಒಂದು ಕಿಲೋಮೀಟರ್ ಇಳಿದರೆ ಸುಮಾರು 45 ಡಿಗ್ರಿ ಬಿಸಿ ಏರುತ್ತೆ. ನಮ್ಮದು 250 ಕೋಟಿ ವರ್ಷಕ್ಕಿಂತ ಹಳೇ ಕಲ್ಲು. ಗಟ್ಟಿ, ದಪ್ಪ, ತಣ್ಣಗೆ. ನೀರೇನಿದ್ದರೂ ಬಿರುಕಲ್ಲಿ ಮಾತ್ರ. ಬಿರುಕು ತಪ್ಪಿದರೆ ದೂಳು, ಸಿಕ್ಕರೂ ಎಷ್ಟೋ ಕಡೆ ಫ್ಲೋರೈಡ್.

ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ: ಕೆಜಿಎಫ್. ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳ ಹೋಗಿತ್ತು. ಅಷ್ಟು ಕೆಳಗೆ ಕಲ್ಲಿನ ಬಿಸಿ 60 ಡಿಗ್ರಿ ದಾಟಿತ್ತು. ಗಮನಿಸಿ, ಹೈದೂಸೊಬೊಸ್ಲೊದಲ್ಲಿ ಅದರ ಮೂರನೇ ಒಂದು ಭಾಗ ಆಳದಲ್ಲೇ ಅದಕ್ಕಿಂತ ಹೆಚ್ಚು ಬಿಸಿ ಸಿಕ್ಕಿದೆ. ಅಲ್ಲಿ ಆ ಬಿಸಿಗೆ ಟಿಕೆಟ್ ತಗೊಂಡು ಮೈ ಒಡ್ತಾರೆ. ಇಲ್ಲಿ ಅದೇ ಬಿಸಿ ಕೆಲಸಗಾರರ ಶತ್ರು. ಯಂತ್ರದಲ್ಲಿ ತಂಪು ಮಾಡಿದ ಗಾಳಿಯನ್ನ ಮೇಲಿನಿಂದ ಕಳಿಸ್ತಿದ್ದರು, ಇಲ್ಲದಿದ್ದರೆ ಆ ಆಳದಲ್ಲಿ ಕೆಲಸ ಮಾಡೋದು ಅಸಾಧ್ಯ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಬಂಗಾರದ ದುಡ್ಡು ಎಲ್ಲಿಗೆ ಹೋಯ್ತು ಅನ್ನೋದು ಬೇರೆಯದೇ ಸಂಚಿಕೆ ಆಗುತ್ತೆ, ಈಗ ಬೇಡ.

ಹಾಗಂತ ಅವರದ್ದು ಬರೀ ಅದೃಷ್ಟ ಅಂತ ನಾನು ಒಪ್ಪಲ್ಲ. ಹುಡುಕಿದ್ದು ಸಿಗಲಿಲ್ಲ ಅಂತ ಪೈಪು ಮುಚ್ಚಿ ಹೋಗಬಹುದಿತ್ತು. ಊರಿನವರು ಹೋಗಲಿಲ್ಲ. ಇಷ್ಟಕ್ಕೂ ಅದು ಜಮೀನುದಾರರ ಊರೂ ಅಲ್ಲ. ಹೆಸರಲ್ಲಿರೋ 'ಹೈದೂ' ಅಂದ್ರೆ ದನ ಹೊಡ್ಕೊಂಡು ಓಡಾಡ್ತಿದ್ದ, ಆಮೇಲೆ ಕತ್ತಿ ಹಿಡಿದ ಜನ. 1606ರಲ್ಲಿ ಬೊಚ್ಕಾಯಿ ಇಶ್ತ್ವಾನ್ ಅನ್ನೋ ರಾಜಕುಮಾರ, ತನ್ನ ಪರ ಹೋರಾಡಿದ ಆ ಸೈನಿಕರಿಗೆ ಈ ಊರನ್ನ ಕೊಟ್ಟ. ನಮ್ಮಲ್ಲಿ ಉಂಬಳಿ ಕೊಟ್ಟ ಹಾಗೆ ಅಂದ್ಕೊಳ್ಳಿ. ಅವನ ಹೆಸರಿನ ಮ್ಯೂಸಿಯಂ ಇವತ್ತಿಗೂ ಅಲ್ಲಿದೆ.

ಸರಿ, ಹೋಗೋದು ಹೇಗೆ? ಹಂಗೇರಿ ಷೆಂಗೆನ್ ಗುಂಪಿನ ದೇಶ. ವೀಸಾಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕೇ ಬೇಕು. ದುಡ್ಡು ಮಾತ್ರ ಯೂರೋ ಅಲ್ಲ, ಫೋರಿಂಟ್. ಬುಡಾಪೆಸ್ಟ್‌ನಿಂದ ಡೆಬ್ರೆಟ್ಸೆನ್ ಕಡೆ ಹೋಗೋ ರೈಲು ಹತ್ತಿ, ಡೆಬ್ರೆಟ್ಸೆನ್ ಇನ್ನೂ 20 ಕಿಲೋಮೀಟರ್ ಇದೆ ಅನ್ನುವಾಗ ಇಳೀರಿ. ನನ್ನ ಕೇಳಿದ್ರೆ ಚಳಿಗಾಲವೇ ಸರಿ, ಹೊರಗೆ ಹಿಮ, ಕೊಳದಲ್ಲಿ ಹಬೆ. ಔಷಧಿ ನೀರಲ್ಲಿ ಒಂದು ಸಲಕ್ಕೆ 20 ನಿಮಿಷ ಸಾಕು ಅಂತಾರೆ. ಬಿಪಿ, ಹೃದಯದ ತೊಂದರೆ ಇರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋದಾದ್ರೆ ಮೊದಲು ಡಾಕ್ಟರ್ ಹತ್ರ ಕೇಳಿ.

ಅಷ್ಟು ದುಡ್ಡು ಎಲ್ಲಿಂದ ತರೋಣ ಅಂತೀರಾ? ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥ ಇದೆ. ತುಳುವಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು. ನಮ್ಮ ರಾಜ್ಯದ ಅಪರೂಪದ ಬಿಸಿನೀರಿನ ಬುಗ್ಗೆ. ಕೊತಕೊತ ಕುದಿಯುತ್ತೆ ಅಂದ್ಕೊಂಡು ಹೋಗ್ಬೇಡಿ, ಮೈ ಬಿಸಿಯಷ್ಟೇ ಇರುತ್ತೆ. ಇನ್ನೂ ಹತ್ತಿರ ಬೇಕಾ? ಕೋಲಾರದ ಶತಶೃಂಗ ಬೆಟ್ಟದ ಅಂತರಗಂಗೆ. ಕಲ್ಲು ಬಸವನ ಬಾಯಿಂದ ತಣ್ಣನೆ ನೀರು. ಬೋರ್ ಇಲ್ಲ, ಮೋಟಾರ್ ಇಲ್ಲ, ಬೆಟ್ಟ ಕುಡಿದ ಮಳೆ ಬಿರುಕಲ್ಲಿ ಜಿನುಗಿ ಕೆಳಗೆ ಬರುತ್ತೆ.

ಇನ್ನೊಂದು ವಿಷಯ ಟೂರ್ ಪ್ಯಾಕೇಜಿನವರು ಹೇಳಲ್ಲ. ಆಳದ ಆ ಬಿಸಿನೀರು ಹಳೇ ನೀರು, ಒಂದು ಮಳೆಗಾಲಕ್ಕೆ ತುಂಬೋದಲ್ಲ. ತೆಗೆದೂ ತೆಗೆದೂ ಹಂಗೇರಿಯ ಬಯಲಲ್ಲಿ ಹಲವು ಕಡೆ ಅದರ ಒತ್ತಡ ಇಳಿದಿದೆ. ಬಳಸಿದ ನೀರನ್ನ ವಾಪಸ್ ಭೂಮಿಗೇ ಇಳಿಸಬೇಕಾ, ಅದರ ಖರ್ಚು ಯಾರು ಕೊಡಬೇಕು ಅನ್ನೋ ಜಗಳ ಅಲ್ಲೂ ಇದೆ. 2018ರಿಂದ ಕೆಸಿ ವ್ಯಾಲಿ ಯೋಜನೇಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನ ನಮ್ಮ ಕೆರೆಗಳಿಗೆ ಬಿಡ್ತಿರೋದೂ ಇದಕ್ಕೇ, ಖಾಲಿಯಾದ ಅಂತರ್ಜಲ ತುಂಬಲಿ ಅಂತ. ಆ ನೀರು ಎಷ್ಟು ಶುದ್ಧ ಅನ್ನೋ ವಾದ ಇನ್ನೂ ಮುಗಿದಿಲ್ಲ. ಮುಂದಿನ ವಾರ ಅದನ್ನೇ ಎತ್ಕೊಳ್ಳೋಣ. ನಿಮ್ಮೂರಿನ ಬೋರ್ ಎಷ್ಟು ಅಡಿ, ಎಷ್ಟು ಇಂಚು ನೀರು, ಯಾವ ವರ್ಷ ಹಾಕ್ಸಿದ್ದು ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿ.