ಮಾವಿನ ಮಿಡಿ, ಹಿತ್ತಿಲು ಮತ್ತು ಒಂದು ಒದ್ದೆ ಸೌಟು



ಮೊನ್ನೆ ಮೆಜೆಸ್ಟಿಕ್‌ನಲ್ಲಿ ಸಾಗರದ ಬಸ್ಸಿನಿಂದ ಒಂದು ಚೀಲ ಮಾವಿನ ಮಿಡಿ ಇಳಿಸಿಕೊಳ್ಳುತ್ತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. "ಇಷ್ಟು ಕಷ್ಟ ಯಾಕೆ ಮೇಷ್ಟ್ರೇ, ಅಂಗಡಿಯಲ್ಲಿ ಉಪ್ಪಿನಕಾಯಿ ಸಿಗುವುದಿಲ್ಲವೇ?" ಎಂದ. ಅಲ್ಲಿ ನಿಂತು ಉತ್ತರಿಸಲು ಆಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರೂ ನಿಂತಿದ್ದ ನೆಲ ಹಿಂದೆ ಧರ್ಮಾಂಬುಧಿ ಕೆರೆಯ ಅಂಗಳ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದ ಮೇಲೆ ಆ ಕೆರೆಯ ಅವಲಂಬನೆ ತಗ್ಗಿತು. ಅದೇ ದಶಕದಲ್ಲಿ ಚಾಮರಾಜಪೇಟೆ ರೂಪುಗೊಂಡಿತು. 1898ರ ಪ್ಲೇಗಿಗೆ ಬೆದರಿದ ಜನ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳಿಗೆ ನಡೆದರು. ಗಾಳಿ ಬೆಳಕಿಗೆಂದು ಮನೆಯ ಸುತ್ತ ಬಿಟ್ಟ ಜಾಗವೇ ಹಿತ್ತಿಲಾಯಿತು. ಚಾಮರಾಜಪೇಟೆಯ ನಮ್ಮ ಹಿತ್ತಿಲಿನಲ್ಲಿ ನೆಲ್ಲಿ, ನಿಂಬೆ, ಒಂದು ನಾಟಿ ಮಾವು ಇದ್ದವು.

ಉಪ್ಪಿನಕಾಯಿಯ ಚರಿತ್ರೆ ಹಿತ್ತಿಲಿಗಿಂತ ಬಹಳ ಹಳೆಯದು. ಕ್ರಿ.ಶ. 1025ರ ಸುಮಾರಿನ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ. 1594ರ ಗುರುಲಿಂಗ ದೇಶಿಕನ 'ಲಿಂಗಪುರಾಣ'ದಲ್ಲಿ ಸುಮಾರು ಐವತ್ತು ಬಗೆಯ ಉಪ್ಪಿನಕಾಯಿಗಳ ಪ್ರಸ್ತಾಪವಿದೆಯೆಂದು ಆಹಾರ ಚರಿತ್ರೆಯ ವಿದ್ವಾಂಸ ಕೆ. ಟಿ. ಅಚಯ ಬರೆದಿದ್ದಾರೆ. ಚಾವುಂಡರಾಯನಿಗೆ ಮೆಣಸಿನಕಾಯಿ ಗೊತ್ತಿರಲಿಲ್ಲ. ಅದು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅಲ್ಲಿಯವರೆಗೆ ಖಾರವೆಂದರೆ ಕಾಳುಮೆಣಸು, ಸಾಸಿವೆ, ಶುಂಠಿ. ಹೊಸ ಕಾಯಿಗೆ ನಾವು ಹಳೆಯ ಮೆಣಸಿನ ಹೆಸರನ್ನೇ ಇಟ್ಟೆವು.

ನಮ್ಮ ಮನೆಯಲ್ಲಿ ಯುಗಾದಿಯ ಆಸುಪಾಸಿಗೆ ಮಿಡಿ ಕೀಳುವ ಕೆಲಸ. ನೆಲಕ್ಕೆ ಬಿದ್ದದ್ದು ಬೇಡ, ತೊಟ್ಟು ಮುರಿಯಬಾರದು. ಅಜ್ಜಿ ಮಡಿಯಲ್ಲಿ ಕುಳಿತು ಒಂದೊಂದನ್ನೇ ಒರೆಸಿ ಆರಹಾಕುವರು. ನಾಲ್ಕು ಪಾಲು ಮಿಡಿಗೆ ಒಂದು ಪಾಲು ಹರಳುಪ್ಪು. ಜಾಡಿಯಲ್ಲಿ ಪದರ ಪದರವಾಗಿ ತುಂಬಿ ಮೇಲೆ ಭಾರ ಹೇರಬೇಕು. ನೀರು ಹಾಕುವಂತಿಲ್ಲ. ಉಪ್ಪೇ ಮಿಡಿಯಿಂದ ನೀರನ್ನು ಹೊರಗೆಳೆಯುತ್ತದೆ, ಮಿಡಿ ಸುರುಟಿಕೊಳ್ಳುತ್ತದೆ. ವಾರಗಳ ನಂತರ ಆ ಉಪ್ಪುನೀರನ್ನೇ ಕುದಿಸಿ ಆರಿಸಿ ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ ರುಬ್ಬುವುದು. ರುಬ್ಬುಗಲ್ಲಿನ ಸರದಿ ದೊಡ್ಡಮ್ಮನದು, ಚಿಕ್ಕತ್ತೆಯದು. ಅಜ್ಜಿಯ ಬಳಿ ತಕ್ಕಡಿ ಇರಲಿಲ್ಲ, ಕೈಯಳತೆಯೇ ಎಲ್ಲ.

1971. ನನಗೆ ಹನ್ನೆರಡು ವರ್ಷ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ತೊಳೆದಿಟ್ಟಿದ್ದ ಒದ್ದೆ ಸೌಟನ್ನೇ ಜಾಡಿಗೆ ಇಳಿಸಿ ಎರಡು ಮಿಡಿ ಕದ್ದೆ. ಕೆಲವು ದಿನಗಳಲ್ಲಿ ಮೇಲೆಲ್ಲ ಬಿಳಿಯ ಬೂಷ್ಟು. ಇಡೀ ವರ್ಷದ ಉಪ್ಪಿನಕಾಯಿಯನ್ನು ಮಾವಿನ ಬುಡಕ್ಕೇ ಸುರಿದರು. ತಪ್ಪು ಚಿಕ್ಕತ್ತೆಯ ತಲೆಗೆ ಬಂತು: ಮುಟ್ಟಾದ ದಿನ ಜಾಡಿಯ ಹತ್ತಿರ ಹೋಗಿರಬೇಕು ಎಂದರು. ಆಗ ಅವರಿಗೆ ಇಪ್ಪತ್ತು ವರ್ಷ. ಮುಂದಿನ ವರ್ಷ ಅವರನ್ನು ಉಪ್ಪಿನಕಾಯಿಯ ಕೆಲಸಕ್ಕೆ ಕರೆಯಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಮುಂದೆ ತರಗತಿಯಲ್ಲಿ ಆಹಾರ ಸಂರಕ್ಷಣೆಯ ಪಾಠ ಮಾಡುವಾಗಲೆಲ್ಲ ನೀರು ಸೇರಿದ ಕಡೆ ಉಪ್ಪು ತೆಳುವಾಗುತ್ತದೆ, ಬೂಷ್ಟಿಗೆ ಅಷ್ಟೇ ಸಾಕು ಎಂದು ಹೇಳುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಒಂದು ಬಾರಿಯೂ ಚಿಕ್ಕತ್ತೆಯ ವಿಷಯ ಹೇಳಲಿಲ್ಲ. ಮುಟ್ಟಿಗೂ ಬೂಷ್ಟಿಗೂ ಸಂಬಂಧವಿಲ್ಲವೆಂದು ಆ ಪಾಠದಲ್ಲಿ ಹೇಳಬೇಕಿತ್ತು. ಹೆಣ್ಣುಮಕ್ಕಳ ಎದುರು ಸಂಕೋಚಪಟ್ಟೆ. ಅದು ನನ್ನ ತಪ್ಪು.

ಆ ಮನೆ ಪಾಲಾಗಿ, ಮಾವು ಹೋಗಿ, ಅಲ್ಲೀಗ ನಾಲ್ಕು ಅಂತಸ್ತಿನ ಕಟ್ಟಡ. ಆದ್ದರಿಂದ ಮಿಡಿ ಸಾಗರದಿಂದ ಬರಬೇಕು. ಮೊನ್ನೆ ಚೀಲ ಬಿಚ್ಚುತ್ತ ಚಿಕ್ಕತ್ತೆಗೆ ಎಲ್ಲವನ್ನೂ ಹೇಳಿದೆ.

"ಗೊತ್ತಿತ್ತು ಕಣೋ. ಸೌಟು ಇಟ್ಟ ಜಾಗದಲ್ಲಿ ಇರಲಿಲ್ಲ" ಎಂದರು.

"ಮತ್ತೆ ಹೇಳಲಿಲ್ಲವಲ್ಲ ಅತ್ತೆ?"

"ಹೇಳಿದ್ದರೆ ನಂಬುತ್ತಿದ್ದರೇ?" ಎಂದು ಮಿಡಿ ಆರಿಸತೊಡಗಿದರು.

ಭಾನುವಾರ ಉಪ್ಪಿಗೆ ಹಾಕುತ್ತೇವೆ. ಉಪ್ಪಿನ ಅಳತೆ ಚಿಕ್ಕತ್ತೆಯದೇ. ಬೆಂಗಳೂರಿನಲ್ಲಿರುವ ಬಂಧುಗಳು ಬರಬಹುದು. ಜಾಡಿ ತರುವವರು ತೊಳೆದು, ಎರಡು ದಿನ ಬಿಸಿಲಿನಲ್ಲಿಟ್ಟು ತನ್ನಿ.